ಅಷ್ಟೇ ವೋಟಿಗೆ ಒಮ್ಮೆ 104 ಸೀಟು, ಇನ್ನೊಮ್ಮೆ 66: ಪ್ರಮಾಣಾನುಗುಣ ಪದ್ಧತಿ ಬಂದರೆ ಏನಾಗುತ್ತದೆ?

ಪ್ರಶ್ನೆ: 2018ರ ವಿಧಾನಸಭೆ ಚುನಾವಣೆಯಲ್ಲಿ ಜಾಸ್ತಿ ವೋಟು ಬಂದಿದ್ದು ಕಾಂಗ್ರೆಸ್ಸಿಗೆ, ಜಾಸ್ತಿ ಸೀಟು ಬಂದಿದ್ದು ಬಿಜೆಪಿಗೆ. ವೋಟಿಗೆ ತಕ್ಕ ಸೀಟು ಕೊಡುವ ಪ್ರಮಾಣಾನುಗುಣ ಪ್ರಾತಿನಿಧ್ಯ ಬೇರೆ ದೇಶಗಳಲ್ಲಿದೆ ಅಂತ ಪುಸ್ತಕದಲ್ಲಿ ಓದಿದ್ದೇನೆ. ಅದು ನಿಜವಾಗಿ ಹೇಗೆ ನಡೆಯುತ್ತದೆ? ಹಾಗಾದರೆ ನಮ್ಮ ಊರಿಗೆ ಅಂತ ಒಬ್ಬ ಶಾಸಕ ಇರುತ್ತಾನಾ? ಸರ್ಕಾರ ನಿಲ್ಲುತ್ತಾ? – ತುಮಕೂರಿನ ಓದುಗರೊಬ್ಬರು

ಉತ್ತರ:

ನಿಮ್ಮ ಲೆಕ್ಕ ಸರಿ ಇದೆ. 2018ರಲ್ಲಿ ಕಾಂಗ್ರೆಸ್ಸಿಗೆ ಶೇ 38, ಬಿಜೆಪಿಗೆ ಶೇ 36 ಚಿಲ್ಲರೆ ಮತ. ಸೀಟು ಮಾತ್ರ 80 ಮತ್ತು 104. ನನಗೆ ಅದಕ್ಕಿಂತ ವಿಚಿತ್ರ ಅನ್ನಿಸಿದ್ದು 2023. ಬಿಜೆಪಿಯ ಪಾಲು ಆಗಲೂ ಹೆಚ್ಚುಕಮ್ಮಿ ಅಷ್ಟೇ, ಶೇ 36. ಸೀಟು 66ಕ್ಕೆ ಬಂತು. ಪಕ್ಷದ ವೋಟು ಇದ್ದಲ್ಲೇ ಇತ್ತು, 38 ಸೀಟು ಹೋಯಿತು. ಬದಲಾಗಿದ್ದು ಎದುರಿಗಿನ ವೋಟು. ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ 43ರ ಹತ್ತಿರಕ್ಕೆ ಏರಿತು, ಅಷ್ಟಕ್ಕೇ 135 ಸೀಟು.

ಲೋಕಸಭೆ ನೋಡಿದರೆ ಇನ್ನೂ ಜೋರು. 2019ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ಶೇ 32ರಷ್ಟು ಮತ ಬಿದ್ದಿತ್ತು. 28ರಲ್ಲಿ ಬಂದಿದ್ದು ಒಂದೇ ಸೀಟು. ವೋಟಿನ ಪಾಲಿನಂತೆ ಹಂಚಿದ್ದರೆ ಒಂಬತ್ತು ಬರಬೇಕಿತ್ತು.

ಹಾಗಂತ "ಆ ಪದ್ಧತಿ ಇದ್ದಿದ್ದರೆ ಇಷ್ಟಿಷ್ಟು ಸೀಟು" ಅಂತ ಹೇಳಿಬಿಡುವುದು ಸುಮ್ನೆ ಮಾತು. ನಿಯಮ ಬದಲಾದರೆ ಜನ ವೋಟು ಹಾಕುವ ರೀತಿಯೂ ಬದಲಾಗುತ್ತದೆ. "ಇವನಿಗೆ ಹಾಕಿದರೆ ವೋಟು ದಂಡ" ಅಂತ ಇವತ್ತು ಸುಮ್ಮನಾಗುವವರು ಆಗ ಸುಮ್ಮನಾಗುವುದಿಲ್ಲ.

ಈ ಪದ್ಧತಿ ವಿದೇಶದ್ದು ಅಂದುಕೊಂಡಿದ್ದರೆ ಅದನ್ನು ಮೊದಲು ಬಿಡಿ. ವಿಧಾನಸೌಧದೊಳಗೆ ಎರಡು ವರ್ಷಕ್ಕೊಮ್ಮೆ ಇದೇ ನಡೆಯುತ್ತದೆ, ರಾಜ್ಯಸಭೆ ಚುನಾವಣೆ ಅಂತ. ಪುಸ್ತಕದಲ್ಲಿ ಇದಕ್ಕೆ ಏಕ ವರ್ಗಾವಣೆ ಮತ ಅಂತ ಹೆಸರು. ಶಾಸಕರಿಗೆ ಒಂದು ಮತಪತ್ರ, ಆಯೋಗವೇ ಕೊಡುವ ನೇರಳೆ ಬಣ್ಣದ ಪೆನ್ನು. ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. 1 ಅಂದರೆ "ಇವರು ಗೆಲ್ಲಲಿ". 2 ಅಂದರೆ "ಅವರಿಗೆ ನನ್ನ ವೋಟಿನ ಅಗತ್ಯ ಇಲ್ಲ ಅಂತಾದರೆ, ಅಥವಾ ಅವರು ಸ್ಪರ್ಧೆಯಿಂದಲೇ ಹೊರಬಿದ್ದರೆ, ನನ್ನ ವೋಟು ಇವರಿಗೆ ಹೋಗಲಿ".

2022ರ ಜೂನ್‌ನಲ್ಲಿ ನಾಲ್ಕು ಸೀಟಿಗೆ ಚುನಾವಣೆ ನಡೆಯಿತು. ಶಾಸಕರು 224. ಒಬ್ಬೊಬ್ಬರ ವೋಟಿನ ಬೆಲೆ 100 ಅಂತ ಹಿಡಿಯುತ್ತಾರೆ, ಅಂದರೆ ಒಟ್ಟು 22,400. ಅದನ್ನು ಸೀಟಿಗಿಂತ ಒಂದು ಜಾಸ್ತಿ, ಅಂದರೆ 5ರಿಂದ ಭಾಗಿಸಿ ಒಂದು ಕೂಡಿಸಿದರೆ 4,481. ಬಿಡಿಸಿ ಹೇಳಿದರೆ ಗೆಲ್ಲೋಕೆ 45 ಶಾಸಕರು ಬೇಕು. ಯಾಕೆ 5ರಿಂದ ಅಂತೀರಾ? ನಾಲ್ಕು ಜನರಿಗೆ 45ರಂತೆ ಕೊಟ್ಟರೆ 180 ಆಯಿತು, ಉಳಿಯುವುದು 44. ಐದನೆಯವನು ಏನೇ ಮಾಡಿದರೂ 45 ಮುಟ್ಟಲಾರ.

ಆಗ ಬಿಜೆಪಿ ಕಡೆ 120ರಷ್ಟು ಶಾಸಕರಿದ್ದರು. ಎರಡು ಸೀಟು ಖಾತ್ರಿ, ಮೇಲೆ ಮೂವತ್ತು ಚಿಲ್ಲರೆ ವೋಟು ಬಾಕಿ. ಕಾಂಗ್ರೆಸ್ಸಿಗೆ 70ರಷ್ಟು. ಒಂದು ಸೀಟು, ಮೇಲೆ 25 ಬಾಕಿ. ಜೆಡಿಎಸ್‌ಗೆ 32, ಒಂದು ಸೀಟಿಗೂ ಸಾಲದು. ಕಾಂಗ್ರೆಸ್ಸಿನ ಬಾಕಿಯೂ ಜೆಡಿಎಸ್ಸಿನದೂ ಸೇರಿದರೆ 57, ನಾಲ್ಕನೇ ಸೀಟು ಆರಾಮಾಗಿ ಇವರದು. ಆದರೆ ಇಬ್ಬರೂ ಹಠ ಹಿಡಿದು ಬೇರೆ ಬೇರೆ ಅಭ್ಯರ್ಥಿ ನಿಲ್ಲಿಸಿದರು. ಯಾರಿಗೂ 45 ಮುಟ್ಟದಿದ್ದಾಗ ಕಮ್ಮಿ ವೋಟಿನವರನ್ನು ಹೊರಗೆ ಹಾಕುತ್ತಾ ಹೋಗುತ್ತಾರೆ, ಹಾಗಾಗಿ ಬಿಜೆಪಿಯ ಮೂರನೆಯವರು 45 ಮೊದಲ ಪ್ರಾಶಸ್ತ್ಯದ ವೋಟಿಲ್ಲದೆಯೇ ಗೆದ್ದರು. ನಾಲ್ಕರಲ್ಲಿ ಮೂರು ಅವರಿಗೆ. ನೋಡಿ, ಪದ್ಧತಿಯ ಹೆಸರಿನಲ್ಲೇ "ಪ್ರಮಾಣ" ಇದೆ. ಅರ್ಧಕ್ಕಿಂತ ಚೂರು ಜಾಸ್ತಿ ಶಾಸಕರಿಗೆ ಮುಕ್ಕಾಲು ಸೀಟು ಬಂತು.

ಇಡೀ ವಿಷಯದ ಗುಟ್ಟು ಇಲ್ಲೇ ಇದೆ. ವೋಟಿಗೆ ತಕ್ಕ ಸೀಟು ಅನ್ನುವ ಮಾತು ಎಲ್ಲ ಕಡೆ ಒಂದೇ. ಫಲಿತಾಂಶ ನಿರ್ಧಾರ ಆಗುವುದು ಅದರ ಕೆಳಗಿನ ಸಣ್ಣ ಸಣ್ಣ ತಿರುಪುಗಳಿಂದ: ಒಂದು ಕ್ಷೇತ್ರಕ್ಕೆ ಎಷ್ಟು ಸೀಟು, ಒಳಗೆ ಬರಲು ಎಷ್ಟು ವೋಟು ಬೇಕು, ಬಾಕಿ ವೋಟು ಏನಾಗುತ್ತದೆ, ಪಟ್ಟಿಯಲ್ಲಿ ಯಾರ ಹೆಸರು ಮೇಲೆ. ಯಾರಾದರೂ "ಪ್ರಮಾಣಾನುಗುಣ ಪದ್ಧತಿ ಒಳ್ಳೇದು" ಅಂದರೂ "ಕೆಟ್ಟದ್ದು" ಅಂದರೂ ನಾನು ಕೇಳುವುದು ಒಂದೇ, ಯಾವ ದೇಶದ್ದು ಸ್ವಾಮಿ?

ಜಾಸ್ತಿ ದೇಶಗಳಲ್ಲಿ ಇರುವುದು ಪಟ್ಟಿ ಪದ್ಧತಿ. ಪಕ್ಷ ಒಂದು ಪಟ್ಟಿ ಕೊಡುತ್ತದೆ, ನೀವು ಪಕ್ಷಕ್ಕೆ ವೋಟು ಹಾಕುತ್ತೀರಿ, ಬಂದ ವೋಟಿನ ಪಾಲಿಗೆ ತಕ್ಕಂತೆ ಪಟ್ಟಿಯ ಮೇಲಿನಿಂದ ಇಷ್ಟು ಜನ ಒಳಗೆ. ಹಂಚುವ ಲೆಕ್ಕವನ್ನು ಒಂದು ಸಲ ಕೈಯಾರೆ ಮಾಡಿ ನೋಡೋಣ. ಐದು ಸೀಟಿನ ಒಂದು ಜಿಲ್ಲೆ ಅಂದುಕೊಳ್ಳಿ. ಮಾವು ಪಕ್ಷಕ್ಕೆ 41 ಸಾವಿರ ವೋಟು, ಹಲಸಿಗೆ 29, ಬಾಳೆಗೆ 19, ಸೀಬೆಗೆ 11.

ಡಿಹಾಂಟ್ ಅನ್ನುವ ಬೆಲ್ಜಿಯಂ ವಕೀಲರ ಹೆಸರಿನ ಲೆಕ್ಕ ಒಂದಿದೆ. ಪ್ರತಿ ಪಕ್ಷದ ವೋಟನ್ನು 1, 2, 3 ಅಂತ ಭಾಗಿಸುತ್ತಾ ಹೋಗಿ, ಎಲ್ಲಕ್ಕಿಂತ ದೊಡ್ಡ ಐದು ಸಂಖ್ಯೆ ಆರಿಸಿ. ಮಾವಿಗೆ 41, 20.5. ಹಲಸಿಗೆ 29, 14.5. ಬಾಳೆಗೆ 19. ಐದು ಮುಗಿಯಿತು. ಮಾವು ಎರಡು, ಹಲಸು ಎರಡು, ಬಾಳೆ ಒಂದು, ಸೀಬೆಗೆ ಸೊನ್ನೆ. ಸ್ಪೇನ್, ಪೋರ್ಚುಗಲ್, ಇಸ್ರೇಲ್‌ಗಳಲ್ಲಿ ಈ ಬಗೆಯ ಲೆಕ್ಕ. ಇನ್ನೊಂದು ಫ್ರಾನ್ಸಿನ ಗಣಿತಜ್ಞ ಸಾಂತ್ ಲಾಗ್ಯೂ ಅವರದ್ದು. ಇಲ್ಲಿ 1, 3, 5 ಅಂತ ಬೆಸ ಸಂಖ್ಯೆಯಿಂದ ಭಾಗಿಸಬೇಕು. ಈಗ ದೊಡ್ಡ ಐದು ಸಂಖ್ಯೆ ಯಾವುವು? 41, 29, 19, ಮಾವಿನ ಎರಡನೇದು 13.67, ಆಮೇಲೆ ಸೀಬೆಯ 11. ಹಲಸಿನ ಎರಡನೇದು 9.67ಕ್ಕೆ ಇಳಿದು ಹಿಂದೆ ಬಿತ್ತು. ಒಂದು ವೋಟೂ ಆಚೀಚೆ ಆಗಿಲ್ಲ, ಒಂದು ಸೀಟು ಹಲಸಿನಿಂದ ಸೀಬೆಗೆ ಹೋಯಿತು. ಜರ್ಮನಿ, ನ್ಯೂಜಿಲೆಂಡ್ ಈ ಎರಡನೇ ಲೆಕ್ಕ ಹಿಡಿದಿವೆ. ಸಣ್ಣ ಪಕ್ಷಗಳು ಯಾವಾಗಲೂ ಇದನ್ನೇ ಕೇಳುತ್ತವೆ, ಯಾಕೆ ಅಂತ ಗೊತ್ತಾಯಿತಲ್ಲ.

ಇನ್ನು ಅದೇ ಜಿಲ್ಲೆಗೆ ಐದರ ಬದಲು ಮೂರೇ ಸೀಟು ಕೊಡಿ. ಡಿಹಾಂಟ್ ಲೆಕ್ಕದಲ್ಲಿ ಮಾವು ಎರಡು, ಹಲಸು ಒಂದು. ಬಾಳೆಯ 19 ಸಾವಿರ ಜನ ಮನೆಗೆ. ಕ್ಷೇತ್ರ ಸಣ್ಣದಾದಷ್ಟೂ ಪ್ರಮಾಣ ಹಾಳು. ನೆದರ್ಲೆಂಡ್ಸ್ ಇದರ ಇನ್ನೊಂದು ತುದಿ. ಇಡೀ ದೇಶವೇ 150 ಸೀಟಿನ ಒಂದು ಕ್ಷೇತ್ರ, ನೂರೈವತ್ತರಲ್ಲಿ ಒಂದು ಪಾಲು ವೋಟು ಬಂದರೂ ಒಂದು ಸೀಟು. 2021ರಲ್ಲಿ ಅಲ್ಲಿ 17 ಪಕ್ಷ ಗೆದ್ದು ಬಂದವು. ಸರ್ಕಾರ ಕಟ್ಟಲು 299 ದಿನ ಹಿಡಿಯಿತು.

ಇಂಥದ್ದು ಆಗಬಾರದು ಅಂತಲೇ ಜಾಸ್ತಿ ದೇಶಗಳು ಬಾಗಿಲಿಗೆ ಒಂದು ಹೊಸ್ತಿಲು ಇಟ್ಟಿವೆ. ಇಷ್ಟು ಶೇಕಡಾ ಮತ ಬರದಿದ್ದರೆ ಪಟ್ಟಿಯಿಂದ ಒಂದು ಸೀಟೂ ಇಲ್ಲ. ನನ್ನ ಪ್ರಕಾರ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಏಟು ಕೊಡುವ ತಿರುಪು ಇದೇ. ಟರ್ಕಿಯಲ್ಲಿ ಹೊಸ್ತಿಲು ಶೇ 10 ಇತ್ತು. 2002ರಲ್ಲಿ ಎರಡೇ ಪಕ್ಷ ದಾಟಿದವು. ಎರ್ಡೊಗಾನ್ ಪಕ್ಷಕ್ಕೆ ಶೇ 34 ವೋಟಿಗೆ 550ರಲ್ಲಿ 363 ಸೀಟು. ಹತ್ತಿರ ಹತ್ತಿರ ಅರ್ಧ ದೇಶದ ವೋಟು ಗಾಳಿಗೆ ಹೋಯಿತು. ಇದೂ ಪ್ರಮಾಣಾನುಗುಣ ಪದ್ಧತಿಯೇ, ಹೆಸರಿಗೆ. ಇಸ್ರೇಲ್‌ನಲ್ಲಿ ಹೊಸ್ತಿಲು ಶೇ 3.25. 2022ರಲ್ಲಿ ಎಡಪಂಥದ ಮೆರೆಟ್ಸ್ ಪಕ್ಷಕ್ಕೆ ಬಂದಿದ್ದು 3.16. ಕೆಲವೇ ಸಾವಿರ ವೋಟು ಸಾಲಲಿಲ್ಲ. ಅರಬ್ಬರ ಬಲಾದ್ ಪಕ್ಷವೂ ಹೊರಗುಳಿಯಿತು. ಎರಡೂ ನೆತನ್ಯಾಹು ವಿರೋಧಿಗಳೇ. ನೆತನ್ಯಾಹು ಪರ ಮತ್ತು ವಿರೋಧದ ವೋಟು ಹತ್ತಿರ ಹತ್ತಿರ ಸಮ ಇದ್ದರೂ ಸೀಟು 64ಕ್ಕೆ 56 ಆಗಿದ್ದು ಹೀಗೆ. 2025ರ ಜರ್ಮನಿಯಲ್ಲಿ ಸಾರಾ ವಾಗೆನ್‌ಕ್ನೆಕ್ಟ್ ಕಟ್ಟಿದ ಹೊಸ ಪಕ್ಷಕ್ಕೆ ಶೇ 4.98 ಬಂತು. ಬೇಕಿದ್ದದ್ದು 5. ಹತ್ತು ಸಾವಿರಕ್ಕೂ ಕಮ್ಮಿ ವೋಟಿನಲ್ಲಿ ಹೊರಗುಳಿದರು. ಅವರು ಒಳಗೆ ಬಂದಿದ್ದರೆ ಆ ಚುನಾವಣೆಯ ನಂತರ ಚಾನ್ಸಲರ್ ಆದ ಮೆರ್ತ್ಸ್ ಕಟ್ಟಿದ ಎರಡು ಬಣಗಳ ಸರ್ಕಾರಕ್ಕೆ ಬಹುಮತವೇ ಇರುತ್ತಿರಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ನಮ್ಮೂರಿಗೆ ಅಂತ ಒಬ್ಬ ಶಾಸಕ ಇರುತ್ತಾನಾ? ನೆದರ್ಲೆಂಡ್ಸ್, ಇಸ್ರೇಲ್ ಥರದಲ್ಲಿ ಇಲ್ಲ. ಮೋರಿ ಕಟ್ಟಿಕೊಂಡರೆ ಯಾವ ಸಂಸದರ ಮನೆ ಮುಂದೆ ಹೋಗಿ ನಿಲ್ಲಬೇಕು ಅಂತ ಅಲ್ಲಿಯವರಿಗೆ ಗೊತ್ತಿಲ್ಲ, ಅವರು ಹೋಗುವುದು ನಗರಸಭೆಗೆ. ನಮ್ಮಲ್ಲೂ ಹಾಗೇ ಆಗಬೇಕು ಅನ್ನಿ, ಆದರೆ ಅದು ಬೇರೆ ಕಥೆ.

ಐರ್ಲೆಂಡ್ ಇದಕ್ಕೆ ಉಲ್ಟಾ. ಅಲ್ಲಿ ನಮ್ಮ ರಾಜ್ಯಸಭೆಯ ಪದ್ಧತಿಯನ್ನೇ ಸಾಮಾನ್ಯ ಜನರ ಚುನಾವಣೆಗೂ ಬಳಸುತ್ತಾರೆ, ಸುಮಾರು ನೂರು ವರ್ಷದಿಂದ. ಒಂದೊಂದು ಕ್ಷೇತ್ರಕ್ಕೆ ಮೂರರಿಂದ ಐದು ಸದಸ್ಯರು. ಒಂದೇ ಪಕ್ಷದ ಇಬ್ಬರು ಮೂವರು ಒಂದೇ ಕ್ಷೇತ್ರದಲ್ಲಿ ನಿಲ್ಲುವುದರಿಂದ ಒಬ್ಬರ ವೋಟು ಇನ್ನೊಬ್ಬರು ಕಿತ್ತುಕೊಳ್ಳುವ ಭಯ ಇದ್ದೇ ಇರುತ್ತದೆ. ಹಾಗಾಗಿ ನಮ್ಮ ಶಾಸಕರು ಬೀಗರೂಟ, ತಿಥಿ ಅಂತ ಓಡಾಡುವ ಹಾಗೆ ಅವರೂ ಊರಿನ ಸಾವು ನೋವು ಬಿಡುವುದಿಲ್ಲ. ಎಣಿಕೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಕೊನೇ ಅಭ್ಯರ್ಥಿಯನ್ನು ಹೊರಗೆ ಹಾಕಿ, ಅವರ ಕಟ್ಟು ಬಿಚ್ಚಿ, 2 ಅಂತ ಯಾರಿಗೆ ಬರೆದಿದ್ದಾರೆ ನೋಡಿ ಮತ್ತೆ ಹಂಚಬೇಕು. ಸರ್ಕಾರವೇ ಎರಡು ಸಲ, 1959ರಲ್ಲಿ ಮತ್ತು 1968ರಲ್ಲಿ, ಈ ಪದ್ಧತಿ ತೆಗೆಯೋಣವಾ ಅಂತ ಜನರನ್ನು ಕೇಳಿತು. ಎರಡು ಸಲವೂ ಬೇಡ ಅಂದರು.

ಎರಡೂ ಬೇಕು ಅನ್ನುವವರ ದಾರಿ ಮಿಶ್ರ ಪದ್ಧತಿ. ನನ್ನ ತಂಗಿ ಮಗಳು ಆಕ್ಲೆಂಡಿನಲ್ಲಿದ್ದಾಳೆ. ನ್ಯೂಜಿಲೆಂಡಿನಲ್ಲಿ ಕಾಯಂ ನಿವಾಸಿಗಳಿಗೂ ವೋಟಿದೆ, ಪೌರತ್ವ ಸಿಗುವವರೆಗೆ ಕಾಯಬೇಕಿಲ್ಲ. ಮೊದಲ ಸಲ ವೋಟು ಹಾಕಿ ಬಂದು ಫೋನ್ ಮಾಡಿದಳು. "ಮಾವ, ಒಂದೇ ಹಾಳೇಲಿ ಎರಡು ಸಾಲು. ಎಡಗಡೆ ಪಕ್ಷಕ್ಕೆ ಒಂದು ಗುರುತು, ಬಲಗಡೆ ನಮ್ಮ ಏರಿಯಾದವರಿಗೆ ಒಂದು. ನಾನು ಒಂದು ಪಕ್ಷಕ್ಕೆ ಹಾಕಿ, ಬೇರೆ ಪಕ್ಷದವರನ್ನ ಏರಿಯಾಗೆ ಆರಿಸಿದೆ, ತಪ್ಪಾಯ್ತಾ?" ಅಂದಳು. ತಪ್ಪೇನಿಲ್ಲ, ಅಲ್ಲಿ ತುಂಬಾ ಜನ ಹಾಗೇ ಮಾಡುತ್ತಾರೆ. ಏರಿಯಾ ವೋಟಿನಿಂದ ನಿಮ್ಮ ಊರಿನ ಸಂಸದ ಆಯ್ಕೆಯಾಗುತ್ತಾರೆ. ಸಂಸತ್ತಿನಲ್ಲಿ ಒಟ್ಟು ಯಾರಿಗೆ ಎಷ್ಟು ಸೀಟು ಅನ್ನೋದು ಪಕ್ಷದ ವೋಟಿನಿಂದ ನಿರ್ಧಾರ ಆಗುತ್ತದೆ. ಪಕ್ಷಕ್ಕೆ ಪಾಲಿನಂತೆ 40 ಬರಬೇಕು, ಊರುಗಳಲ್ಲಿ 28 ಗೆದ್ದಿದೆ ಅಂದರೆ, ಪಟ್ಟಿಯಿಂದ 12 ಜನ ಸೇರಿಸುತ್ತಾರೆ. ಕೊರತೆ ತುಂಬಿಸುವುದು ಅಷ್ಟೇ ಪಟ್ಟಿಯ ಕೆಲಸ.

ಈ ಕೊರತೆ ತುಂಬಿಸುವ ಮಾತು ನೆನಪಿಡಿ. ನೇಪಾಳದಲ್ಲೂ ಎರಡು ವೋಟಿದೆ, 165 ನೇರ ಸೀಟು, 110 ಪಟ್ಟಿ ಸೀಟು. ನೋಡಿದರೆ ಅದೇ ಥರ ಕಾಣುತ್ತದೆ. ಆದರೆ ಅಲ್ಲಿ 110ನ್ನು ಮಾತ್ರ ಪಾಲಿನಂತೆ ಹಂಚಿ ನೇರ ಗೆದ್ದ ಸೀಟಿನ ಪಕ್ಕಕ್ಕೆ ಕೂಡಿಸುತ್ತಾರೆ. ನೇರ ಸೀಟಿನಲ್ಲಿ ಬಾಚಿಕೊಂಡ ಪಕ್ಷಕ್ಕೆ ಇಲ್ಲೂ ಇನ್ನೊಂದು ಪಾಲು. ಸಂಸತ್ತಿನಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಲೇಬೇಕು ಅಂತ ಅಲ್ಲಿನ ಸಂವಿಧಾನ ಹೇಳುತ್ತದೆ. ನೇರ ಕ್ಷೇತ್ರದಲ್ಲಿ ಪಕ್ಷಗಳು ಟಿಕೆಟ್ ಕೊಡುವುದು ಹೆಚ್ಚಾಗಿ ಗಂಡಸರಿಗೆ, ಆ ಸಂಖ್ಯೆ ತುಂಬಿಸುವುದು ಪಟ್ಟಿಯಿಂದ. ಪಟ್ಟಿ ಇಲ್ಲದಿದ್ದರೆ ಅಷ್ಟೂ ಇರುತ್ತಿರಲಿಲ್ಲ ಅನ್ನೋದೂ ನಿಜ.

ನ್ಯೂಜಿಲೆಂಡ್ ಈ ದಾರಿಗೆ ಬಂದಿದ್ದು ನಿಮ್ಮ ಹಾಗೇ ಸಿಟ್ಟು ಬಂದು. 1978ರಲ್ಲಿ ಮತ್ತು 1981ರಲ್ಲಿ ಲೇಬರ್ ಪಕ್ಷಕ್ಕೆ ಜಾಸ್ತಿ ವೋಟು, ನ್ಯಾಷನಲ್ ಪಕ್ಷಕ್ಕೆ ಸರ್ಕಾರ. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಅನ್ನುವ ಪಕ್ಷಕ್ಕೆ ಶೇ 20ಕ್ಕೂ ಜಾಸ್ತಿ ವೋಟು ಬಿದ್ದು 92ರಲ್ಲಿ ಎರಡು ಸೀಟು ಸಿಕ್ಕಿತು. 1993ರ ಜನಮತದಲ್ಲಿ ಶೇ 54ರಷ್ಟು ಜನ ಬದಲಾವಣೆಗೆ ಹೂಂ ಅಂದರು, 1996ರಿಂದ ಹೊಸ ಪದ್ಧತಿ. 2011ರಲ್ಲಿ "ಇದೇ ಇರಲಾ?" ಅಂತ ಮತ್ತೆ ಕೇಳಿದಾಗ ಜನ ಇರಲಿ ಅಂದರು.

ಅಲ್ಲೂ ಕೊಸರು ಇಲ್ಲದಿಲ್ಲ. ಹೊಸ್ತಿಲು ಶೇ 5, ಇಲ್ಲವೇ ಒಂದು ಊರು ಗೆದ್ದಿರಬೇಕು. 2008ರಲ್ಲಿ ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ ಶೇ 4.07 ಬಂತು, ಸೀಟು ಸೊನ್ನೆ. ಆ್ಯಕ್ಟ್ ಪಕ್ಷಕ್ಕೆ ಬಂದಿದ್ದು 3.65, ಆದರೆ ಎಪ್ಸಮ್ ಅನ್ನುವ ಒಂದು ಕ್ಷೇತ್ರ ಗೆದ್ದಿದ್ದಕ್ಕೆ ಐದು ಸೀಟು. ಇದಕ್ಕೆ ಯಾರು ನ್ಯಾಯ ಅಂತಾರೆ ಹೇಳಿ?

ಪಟ್ಟಿಯಲ್ಲಿ ಯಾರ ಹೆಸರು ಮೇಲೆ ಅನ್ನೋದನ್ನು ನ್ಯೂಜಿಲೆಂಡಿನಲ್ಲಿ ಪಕ್ಷವೇ ತೀರ್ಮಾನಿಸುತ್ತದೆ. ನಮ್ಮ ಪಕ್ಷಗಳ ಕೈಗೆ ಅದು ಸಿಕ್ಕರೆ ಪಟ್ಟಿಯ ಮೊದಲ ಹತ್ತು ಹೆಸರಿನ ಮನೆತನ ಯಾವುದು ಅಂತ ನಾನೂ ನೀವೂ ಈಗಲೇ ಹೇಳಬಹುದು. ಇದಕ್ಕೆ ಮದ್ದು ಅಂತ ಕೆಲವು ಕಡೆ ಜನರೇ ಪಟ್ಟಿಯೊಳಗಿನ ಹೆಸರು ಆರಿಸುವ ಅವಕಾಶ ಇದೆ. ಶ್ರೀಲಂಕಾದಲ್ಲಿ ಪಕ್ಷಕ್ಕೆ ವೋಟು ಹಾಕಿ, ಆಮೇಲೆ ಅದೇ ಪಟ್ಟಿಯ ಮೂವರಿಗೆ ಗುರುತು ಹಾಕಬಹುದು. ಮನಾಪ ಅಂತಾರೆ. ಅದು ಸರಿ, ಆದರೆ ಅಲ್ಲಿ ಚುನಾವಣೆ ಬಂದರೆ ಒಂದೇ ಪಕ್ಷದವರು ಒಬ್ಬರ ಮೇಲೊಬ್ಬರು ಪೋಸ್ಟರ್ ಅಂಟಿಸುತ್ತಾರೆ, ಇಡೀ ಜಿಲ್ಲೆ ಸುತ್ತಬೇಕಾಗಿರುವುದರಿಂದ ಖರ್ಚೂ ಜಾಸ್ತಿ. ಒಂದು ಮದ್ದು, ಒಂದು ಹೊಸ ಕಾಯಿಲೆ.

ಶ್ರೀಲಂಕಾದ ಹಳೇ ಕಥೆಯೂ ಕೇಳುವಂಥದ್ದು. 1977ರಲ್ಲಿ ಅಲ್ಲಿ ನಮ್ಮದೇ ಥರದ ಪದ್ಧತಿ ಇತ್ತು. ಜಯವರ್ಧನೆ ಅವರ ಯುಎನ್‌ಪಿ ಪಕ್ಷಕ್ಕೆ ಅರ್ಧ ವೋಟು, 168ರಲ್ಲಿ 140 ಸೀಟು. ಸಿರಿಮಾವೊ ಬಂಡಾರನಾಯಿಕೆ ಅವರ ಪಕ್ಷಕ್ಕೆ ಶೇ 30ರ ಹತ್ತಿರ ವೋಟು, ಎಂಟೇ ಸೀಟು. ಬರೀ ಶೇ 7ರಷ್ಟು ವೋಟಿನ ತಮಿಳರ ಪಕ್ಷ 18 ಸೀಟು ಗೆದ್ದು ಅಧಿಕೃತ ವಿರೋಧ ಪಕ್ಷ ಆಯಿತು. ಮಾರನೇ ವರ್ಷ ಜಯವರ್ಧನೆ ಹೊಸ ಸಂವಿಧಾನ ತಂದು ಪ್ರಮಾಣಾನುಗುಣ ಪದ್ಧತಿ ಬರೆದರು. ಇನ್ನು ಮುಂದೆ ಯಾರಿಗೂ ಮೂರನೇ ಎರಡರಷ್ಟು ಸಿಗಬಾರದು, ತಾನು ಬರೆದದ್ದನ್ನು ಯಾರೂ ಅಳಿಸಬಾರದು ಅನ್ನುವ ಲೆಕ್ಕ ಅದರ ಹಿಂದೆ ಇತ್ತು ಅಂತ ಅಲ್ಲಿಯವರೇ ಹೇಳುತ್ತಾರೆ. 2024ರಲ್ಲಿ ಅಧ್ಯಕ್ಷ ದಿಸ್ಸನಾಯಕೆ ಅವರ ಕೂಟವಾದ ಎನ್‌ಪಿಪಿ ಶೇ 61ರಷ್ಟು ವೋಟಿಗೆ 225ರಲ್ಲಿ 159 ಸೀಟು ತೆಗೆದುಕೊಂಡಿತು. ಮೂರನೇ ಎರಡು ದಾಟಿಹೋಯಿತು. ಸಣ್ಣ ಸಣ್ಣ ಜಿಲ್ಲೆಗಳು, ಮೇಲೆ ಜಿಲ್ಲೆಗೆ ಮೊದಲು ಬಂದವರಿಗೆ ಒಂದು ಇನಾಮು ಸೀಟು. ಅವೇ ತಿರುಪುಗಳು.

ಸರ್ಕಾರ ನಿಲ್ಲುತ್ತಾ? ಸಮ್ಮಿಶ್ರ ಸರ್ಕಾರವೇ ಜಾಸ್ತಿ, ಅದು ಖಂಡಿತ. 2017ರಲ್ಲಿ ನ್ಯೂಜಿಲೆಂಡಿನಲ್ಲಿ ನ್ಯಾಷನಲ್ 56 ಸೀಟು ತಂದಿತು, ಲೇಬರ್ 46. ಶೇ 7ರಷ್ಟು ವೋಟು ಬಂದ ನ್ಯೂಜಿಲೆಂಡ್ ಫಸ್ಟ್ ಪಕ್ಷದ ವಿನ್‌ಸ್ಟನ್ ಪೀಟರ್ಸ್ ಸುಮಾರು ನಾಲ್ಕು ವಾರ ಎಲ್ಲರನ್ನೂ ಕಾಯಿಸಿ, ಕೊನೆಗೆ ಟಿವಿಯಲ್ಲಿ ನೇರವಾಗಿ ಲೇಬರ್ ಜೊತೆ ಅಂದರು. ಜೆಸಿಂಡಾ ಆರ್ಡರ್ನ್ ಪ್ರಧಾನಿ ಆದರು. ಕಿಂಗ್‌ಮೇಕರ್ ಅನ್ನುವ ಪದ ನಮಗೇನು ಹೊಸದಲ್ಲ, ಅಲ್ವಾ? ಆ ಸರ್ಕಾರ ಅವಧಿ ಮುಗಿಸಿತು. ಮುಂದಿನ ಚುನಾವಣೆಯಲ್ಲಿ ಜನ ಪೀಟರ್ಸ್ ಪಕ್ಷವನ್ನು ಹೊಸ್ತಿಲ ಕೆಳಗೆ ತಳ್ಳಿದರು. ಜರ್ಮನಿಯಲ್ಲಿ ಕೋಲ್, ಮೆರ್ಕೆಲ್ ತಲಾ 16 ವರ್ಷ ಆಳಿದ್ದು ಇದೇ ಪದ್ಧತಿಯಲ್ಲಿ. ಇಸ್ರೇಲ್ ನಾಲ್ಕು ವರ್ಷದೊಳಗೆ ಐದು ಚುನಾವಣೆ ಮಾಡಿದ್ದೂ ಇದೇ ಪದ್ಧತಿಯಲ್ಲಿ. ನಮ್ಮ ಪದ್ಧತಿಯಲ್ಲೇನು ಕಮ್ಮಿ ಕಂಡೆವು? 2018ರಿಂದ 2023ರೊಳಗೆ ಯಡಿಯೂರಪ್ಪ ಮೂರು ದಿನ, ಕುಮಾರಸ್ವಾಮಿ 14 ತಿಂಗಳು, ಮತ್ತೆ ಯಡಿಯೂರಪ್ಪ, ಆಮೇಲೆ ಬೊಮ್ಮಾಯಿ.

ಅದೇ ಹೊತ್ತಿನ ಇನ್ನೊಂದು ವಿಷಯ ಹೇಳಬೇಕು, ಇದನ್ನು ಪುಸ್ತಕಗಳು ಜಾಸ್ತಿ ಹೇಳುವುದಿಲ್ಲ. ಪಟ್ಟಿಯಿಂದ ಬಂದವರು ರಾಜೀನಾಮೆ ಕೊಟ್ಟರೆ ಅಥವಾ ತೀರಿಕೊಂಡರೆ ಸಾಮಾನ್ಯವಾಗಿ ಉಪಚುನಾವಣೆ ಇಲ್ಲ. ಅದೇ ಪಕ್ಷದ ಪಟ್ಟಿಯಲ್ಲಿ ಮುಂದಿನ ಹೆಸರು ಬಂದು ಕೂರುತ್ತದೆ. 2019ರಲ್ಲಿ ನಮ್ಮ 17 ಶಾಸಕರು ಹೊರಬಿದ್ದು, ರೆಸಾರ್ಟು, ಕೋರ್ಟು ಎಲ್ಲ ಆಗಿ, ಡಿಸೆಂಬರ್‌ನಲ್ಲಿ 15 ಕಡೆ ಮತ್ತೆ ಚುನಾವಣೆ ನಡೆದು ಸರ್ಕಾರದ ಬುನಾದಿಯೇ ಬದಲಾಯಿತು. ಪಟ್ಟಿಯ ಸೀಟಿನಲ್ಲಿ ಈ ಆಟ ನಡೆಯುವುದಿಲ್ಲ. ರಾಜೀನಾಮೆ ಕೊಟ್ಟರೆ ಸೀಟು ಪಕ್ಷದ ಹತ್ತಿರವೇ ಉಳಿಯುತ್ತದೆ, ಕೊಳ್ಳುವವನಿಗೆ ಏನೂ ಸಿಗುವುದಿಲ್ಲ.

ನಮ್ಮ ದೇಶದಲ್ಲಿ ಈ ಚರ್ಚೆ ಹೊಸದಲ್ಲ. ಸಂವಿಧಾನ ಸಭೆಗೆ ಪ್ರಾಂತ್ಯಗಳ ಸದಸ್ಯರು ಆರಿಸಿ ಬಂದಿದ್ದೇ 1946ರಲ್ಲಿ, ಏಕ ವರ್ಗಾವಣೆ ಮತದಿಂದ. ಅದೇ ಸಭೆಯಲ್ಲಿ 1949ರ ಜನವರಿಯಲ್ಲಿ ಲೋಕಸಭೆಗೂ ಇದು ಬೇಕು ಅಂತ ತಿದ್ದುಪಡಿ ಬಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಓದು ಬಲ್ಲವರು ಕಮ್ಮಿ, ಸದನ ಚೂರುಚೂರಾದರೆ ಸರ್ಕಾರ ನಿಲ್ಲುವುದಿಲ್ಲ ಅನ್ನೋದು ಅವರ ವಾದ. ಮೊದಲ ಕಾರಣ ಈಗ ಅಷ್ಟಾಗಿ ಉಳಿದಿಲ್ಲ. ಎರಡನೆಯದರ ಬಗ್ಗೆ ಮೇಲೆ ಹೇಳಿದ್ದೇನೆ. ಕಾನೂನು ಆಯೋಗ 1999ರಲ್ಲಿ ಲೋಕಸಭೆಗೆ ಇನ್ನೂ ಕಾಲುಪಾಲು ಸೀಟು ಸೇರಿಸಿ ಅವನ್ನು ಪಟ್ಟಿಯಿಂದ ತುಂಬಿ ಅಂತ ಶಿಫಾರಸು ಮಾಡಿತ್ತು. ಅದು ಕಡತದಲ್ಲೇ ಇದೆ. ಮಾಡಬೇಕೆಂದರೆ ಸಂವಿಧಾನಕ್ಕೆ ತಿದ್ದುಪಡಿ ಬೇಕು, ಮಾಡಬೇಕಾದವರು ಈಗಿನ ಪದ್ಧತಿಯಲ್ಲಿ ಗೆದ್ದು ಕೂತವರು.

ನನ್ನನ್ನು ಕೇಳಿದರೆ, ನಮ್ಮ ವಿಧಾನಸಭೆಗೆ ನ್ಯೂಜಿಲೆಂಡಿನ ಮಿಶ್ರ ಪದ್ಧತಿ ಹೊಂದುತ್ತದೆ. ನಿಮ್ಮ ಊರಿನ ಶಾಸಕ ಇರುತ್ತಾನೆ, ಕ್ಷೇತ್ರ ಮಾತ್ರ ಈಗಿನದಕ್ಕಿಂತ ದೊಡ್ಡದಾಗುತ್ತದೆ. ಇಡೀ ರಾಜ್ಯಕ್ಕೆ ಬರೀ ಪಟ್ಟಿ ತಂದರೆ ಮೇಲುಕೋಟೆಯ ಸರ್ವೋದಯ ಕರ್ನಾಟಕ ಪಕ್ಷದಂಥವು ಒಂದು ಹೊಸ್ತಿಲನ್ನೂ ದಾಟಲಾರವು, ಪಕ್ಷೇತರರ ಕಥೆ ಮುಗಿದೇ ಹೋಗುತ್ತದೆ. ಮಿಶ್ರದಲ್ಲಿ ಅವರಿಗೆ ಊರಿನ ಸೀಟು ಇದ್ದೇ ಇದೆ. ಹೊಸ್ತಿಲು 5 ಜಾಸ್ತಿ ಆಯಿತು, ನಾನಾದರೆ 3 ಇಡುತ್ತೇನೆ. ಪರಿಶಿಷ್ಟರ ಮೀಸಲು ಕ್ಷೇತ್ರದ ಜೊತೆಗೆ ಪಟ್ಟಿಯಲ್ಲೂ ಇಂತಿಷ್ಟನೇ ಜಾಗ ಅಂತ ಮೊದಲೇ ಬರೆದಿಡಬೇಕು, ಇಲ್ಲದಿದ್ದರೆ ಅವರನ್ನು ಪಟ್ಟಿಯ ಕೊನೆಗೆ ತುಂಬಿ "ಕೊಟ್ಟಿದ್ದೇವಲ್ಲ" ಅನ್ನುತ್ತಾರೆ.